ಕವಿಯ ಉದ್ದೇಶ, ಕಾವ್ಯದ ತಾತ್ಪರ್ಯ

ಕೃತಿಯ ಅರ್ಥಕ್ಕೆ ಕರ್ತೃವಿನ ಉದ್ದೇಶವೇ ಪ್ರಮಾಣವೇ ಎಂಬ ಪ್ರಶ್ನೆಗೆ ಕನ್ನಡದಲ್ಲಿ ಪಂಪನ ‘ವಿಕ್ರಮಾರ್ಜುನ ವಿಜಯ’ಕ್ಕಿಂತ ಒಳ್ಳೆಯ ಒರೆಗಲ್ಲು ಸಿಗಲಾರದು. ಹತ್ತನೆಯ ಶತಮಾನದ ಈ ಕವಿ ತನ್ನ ಉದ್ದೇಶವನ್ನು ಬಚ್ಚಿಡುವುದಿಲ್ಲ. ಆಶ್ರಯದಾತನಾದ ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಅವನು ಮಹಾಭಾರತವನ್ನು ಹೇಳುತ್ತಾನೆ. ಇಲ್ಲಿ ಲೌಕಿಕವನ್ನೂ ತನ್ನ ಇನ್ನೊಂದು ಕಾವ್ಯವಾದ ‘ಆದಿಪುರಾಣ’ದಲ್ಲಿ ಜಿನಾಗಮವನ್ನೂ ಬೆಳಗುವುದಾಗಿ ಸ್ಪಷ್ಟಪಡಿಸುತ್ತಾನೆ.

ಈ ಉದ್ದೇಶ ಕಥೆಯ ಬಂಧವನ್ನೇ ಬದಲಿಸಿದೆ. ದ್ರೌಪದಿ ಅರ್ಜುನನೊಬ್ಬನ ಮಡದಿಯಾಗುತ್ತಾಳೆ. ಯುದ್ಧ ಮುಗಿದ ಮೇಲೆ ಪಟ್ಟ ಸಲ್ಲುವುದು ಅರ್ಜುನ–ಸುಭದ್ರೆಯರಿಗೆ. ಅರಿಕೇಸರಿಯನ್ನು ಮರೆತು ಓದಿದರೆ ಈ ಮಾರ್ಪಾಡುಗಳ ಕಾರಣವೇ ತಿಳಿಯದು. ಆದರೆ ಉದ್ದೇಶವೊಂದನ್ನೇ ಹಿಡಿದು ಓದಿದವರಿಗೆ ಕರ್ಣ ದಕ್ಕುವುದಿಲ್ಲ. ಹುಟ್ಟಿನ ಗುಟ್ಟು ತಿಳಿದ ಮೇಲೂ ದುರ್ಯೋಧನನ ಋಣವನ್ನು ಬಿಡದ ಆ ವೀರನ ಬಳಿಗೆ ಕಾವ್ಯ ಮತ್ತೆ ಮತ್ತೆ ಬರುತ್ತದೆ. ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನೇ ನೆನೆಯಬೇಕೆಂದು ಪಂಪನೇ ಹೇಳಿಬಿಡುತ್ತಾನೆ. ದೊರೆಗೆ ಕೊಟ್ಟ ಮಾತು ಒಂದು, ಬರೆಯುತ್ತ ಬರೆಯುತ್ತ ಕವಿಗೆ ಒಲಿದದ್ದು ಇನ್ನೊಂದು. ಈ ಎರಡನೆಯದೂ ಪಂಪನದೇ. ಕಾವ್ಯದ ಜೀವವಿರುವುದೂ ಇದರಲ್ಲಿಯೇ.

ಇದೇ ಪ್ರಶ್ನೆಯನ್ನು ಎತ್ತಿಕೊಂಡ ಅಮೆರಿಕದ ಚಿಂತಕರಾದ ವಿಮ್‌ಸ್ಯಾಟ್ ಮತ್ತು ಬಿಯರ್ಡ್‌ಸ್ಲಿ 1946ರಲ್ಲಿ, ಕೃತಿಯ ಯಶಸ್ಸನ್ನು ಅಳೆಯಲು ಲೇಖಕನ ಉದ್ದೇಶ ಮಾನದಂಡವಾಗದು ಎಂದು ವಾದಿಸಿದರು. 1967ರಲ್ಲಿ ಫ್ರಾನ್ಸಿನ ರೊಲಾಂ ಬಾರ್ತ್ ಲೇಖಕನ ಮರಣವನ್ನೇ ಸಾರಿದ. ಅದೇ ವರ್ಷ ಇ. ಡಿ. ಹರ್ಷ್, ಲೇಖಕ ಉದ್ದೇಶಿಸಿದ ಅರ್ಥವನ್ನು ಕೈಬಿಟ್ಟರೆ ವ್ಯಾಖ್ಯಾನದ ಸರಿತಪ್ಪುಗಳಿಗೆ ಆಧಾರವೇ ಉಳಿಯದೆಂದು ಬರೆದ. ನಮ್ಮ ದೇಶದಲ್ಲಿ ವೇದವಾಕ್ಯಗಳ ಅರ್ಥವನ್ನು ನಿರ್ಣಯಿಸುವ ಮೀಮಾಂಸಕರ ಮುಂದೆ ಇದ್ದದ್ದು ಇದಕ್ಕಿಂತ ಕಠಿಣವಾದ ತೊಡಕು. ವೇದ ಅಪೌರುಷೇಯ, ಅದಕ್ಕೆ ಕರ್ತೃವೇ ಇಲ್ಲ ಎಂದ ಮೇಲೆ ಯಾರ ಉದ್ದೇಶವನ್ನು ಕೇಳುವುದು? ಆದ್ದರಿಂದ ಉಪಕ್ರಮ–ಉಪಸಂಹಾರಗಳ ಹೊಂದಿಕೆ, ಪುನರುಕ್ತಿ, ಹೊಸತನ, ಫಲ ಮೊದಲಾದ ಗುರುತುಗಳಿಂದ ತಾತ್ಪರ್ಯವನ್ನು ಗ್ರಂಥದೊಳಗೇ ಹುಡುಕುವ ಕ್ರಮ ಬೆಳೆಯಿತು. ಪಂಪನ ಕರ್ಣನನ್ನು ಕಾಣಲು ಬೇಕಾದದ್ದು ಇಂಥ ಓದು; ದ್ರೌಪದಿಯ ಬದಲಾವಣೆಗೆ ಮಾತ್ರ ಆಸ್ಥಾನದ ಚರಿತ್ರೆಯೇ ಬೇಕು. ಯಾವ ಒಂದು ಸಿದ್ಧಾಂತವೂ ಈ ಎರಡಕ್ಕೂ ಸಾಲದು.

ಉದ್ದೇಶವನ್ನು ಸಾರಿದ ಪಂಪನಿಗೆ ಎದುರಾಗಿ, ಕರ್ತೃತ್ವವನ್ನೇ ಬಿಟ್ಟುಕೊಟ್ಟವನು ಕನ್ನಡದಲ್ಲಿ ಭಾರತವನ್ನು ಹೇಳಿದ ಇನ್ನೊಬ್ಬ ಕವಿ ಕುಮಾರವ್ಯಾಸ. ಗದುಗಿನ ವೀರನಾರಾಯಣನೇ ಕವಿ, ತಾನು ಲಿಪಿಕಾರ ಎಂದು ಅವನು ಹೇಳುತ್ತಾನೆ. ಇದು ಭಕ್ತನ ನಿಜವಾದ ನಂಬಿಕೆ, ಬರಿಯ ವಿನಯವಲ್ಲ. ಆದರೆ ಅದೇ ಪೀಠಿಕೆಯಲ್ಲಿ ತನ್ನ ಅಗ್ಗಳಿಕೆಗಳನ್ನೂ ಎಣಿಸುತ್ತಾನೆ: ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದವನ್ನು ಅಳಿಸಲಿಲ್ಲ, ಪರರ ರೀತಿಯನ್ನು ಎರವಲು ತರಲಿಲ್ಲ.