ಹಳೆಯ ಹೊಳಪಿನ ಆರೈಕೆ

ಮೈಸೂರು ಅರಮನೆಯ ಅಂಬಾವಿಲಾಸ ಸಭಾಂಗಣಕ್ಕೆ ಹೋಗುವಲ್ಲಿ ಬೀಟೆಮರದ ಬಾಗಿಲೊಂದಿದೆ. ಕಪ್ಪುಗೆಂಪು ಮರದಲ್ಲಿ ಬಿಳಿ ದಂತದ ಕುಸುರಿ. ಅರಮನೆ ಪೂರ್ಣಗೊಂಡದ್ದು 1912ರಲ್ಲಿ. ಆ ಕುಸುರಿ ಇಂದಿಗೂ ಕಣ್ಸೆಳೆಯುತ್ತದೆ.

ಬೀಟೆಯ ಕುರ್ಚಿ, ತೇಗದ ಪೆಟ್ಟಿಗೆ ಎಷ್ಟೋ ಮನೆಗಳಲ್ಲೂ ಇವೆ. ಹಬ್ಬ ಬಂತೆಂದರೆ ಅವಕ್ಕೂ ಸ್ನಾನ. ಸೋಪಿನ ನೀರು, ಒರಟು ನಾರು, ಮೇಲಿಷ್ಟು ಕೊಬ್ಬರಿ ಎಣ್ಣೆ. ಮಾಡುವುದು ಪ್ರೀತಿಯಿಂದಲೇ, ಆದರೆ ಪೆಟ್ಟು ಬೀಳುವುದು ಮರಕ್ಕೆ.

ಹಳೆಯ ಪೀಠೋಪಕರಣಗಳ ಮೇಲೆ ಹೆಚ್ಚಾಗಿ ಅರಗಿನ ಪಾಲಿಶ್ ಇರುತ್ತದೆ. ನೀರು ನಿಂತರೆ ಅದು ಬೆಳ್ಳಗಾಗುತ್ತದೆ, ಸ್ಪಿರಿಟ್ ತಾಗಿದರೆ ಕರಗುತ್ತದೆ. ಎಣ್ಣೆ ಧೂಳು ಹಿಡಿದು ಜಿಗುಟಾಗುತ್ತದೆ. ಮರವೂ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಾಗಾಗಿ ನೇರ ಬಿಸಿಲೂ ಬೇಡ.

ಬೇಕಾದದ್ದು ಸ್ವಲ್ಪವೇ. ಮೆತ್ತನೆಯ ಹತ್ತಿಬಟ್ಟೆಯಿಂದ, ಮರದ ಎಳೆ ಸಾಗಿದ ದಿಕ್ಕಿನಲ್ಲೇ ಹಗುರವಾಗಿ ಒರೆಸಬೇಕು. ಕೆತ್ತನೆಯ ಸಂದಿಗೆ ಮೃದುವಾದ ಬ್ರಷ್. ವರ್ಷಕ್ಕೊಮ್ಮೆ ಜೇನುಮೇಣವನ್ನು ತೆಳುವಾಗಿ ಸವರಿ, ಒಣಬಟ್ಟೆಯಲ್ಲಿ ಉಜ್ಜಿದರೆ ಹೊಳಪು ಎದ್ದು ಬರುತ್ತದೆ.

ಕುರ್ಚಿಯ ತೋಳಿನ ನುಣುಪು ಕೊಳೆಯಲ್ಲ. ಅದು ತಲೆಮಾರುಗಳ ಕೈ ತಾಗಿ ತಾಗಿ ಬಂದದ್ದು. ಉಪ್ಪುಕಾಗದದಿಂದ ತೀಡಿದರೆ ಆ ಬಣ್ಣ, ಆ ನುಣುಪು ಎರಡೂ ಹೋಗುತ್ತವೆ. ಕಾಲಿನ ಕೆಳಗೆ ಸಣ್ಣ ಹುಡಿ ಉದುರಿದ್ದರೆ ಮಾತ್ರ ತಡಮಾಡಬಾರದು. ಒಳಗೆ ಹುಳು ಕೊರೆಯುತ್ತಿರಬಹುದು. ಹಳೆಯ ಮರದ ಕೆಲಸ ಬಲ್ಲ ಬಡಗಿಯನ್ನು ಬೇಗ ಕರೆಸಿ ತೋರಿಸಬೇಕು.