ಬಾವಿಯಲ್ಲಿ ಸಿಕ್ಕ ಮತಗಳು



‘ಗ್ರೀಕರಿಂದ ನಮಗೆ ಬಂದದ್ದೇನು’ ಎಂಬ ವಿಷಯದ ಮೇಲೆ ಮಾತಾಡಲು ಹೇಳಿದ್ದೀರಿ. ಒಲಿಂಪಿಕ್ಸಿನಿಂದ ಜ್ಯಾಮಿತಿಯವರೆಗೆ ಪಟ್ಟಿ ಓದಿ ಕೂತುಬಿಡಬಹುದು. ಆ ಪಟ್ಟಿ ಶಾಲೆಯ ಪುಸ್ತಕದಲ್ಲೇ ಇದೆ. ನಾನು ಒಂದು ಬಾವಿಯಿಂದ ಶುರುಮಾಡುತ್ತೇನೆ.

1937ರಲ್ಲಿ ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಉತ್ತರದ ಇಳಿಜಾರಿನಲ್ಲಿ ಅಗೆಯುತ್ತಿದ್ದವರಿಗೆ ಹಳೆಯ ಬಾವಿಯೊಂದರಲ್ಲಿ ಸುಮಾರು 190 ಬೋಕಿಗಳು ಸಿಕ್ಕವು. ಹೆಚ್ಚಿನವು ಒಡೆದ ಬಟ್ಟಲುಗಳ ತಳ. ಅವುಗಳ ಮೇಲೆ ಗೀಚಿದ್ದ ಹೆಸರು ಥೆಮಿಸ್ಟೊಕ್ಲಿಸ್. ಕ್ರಿ.ಪೂ. 480ರಲ್ಲಿ ಸಲಾಮಿಸ್ ಕಡಲಗಾಳಗದಲ್ಲಿ ಪರ್ಷಿಯದ ನೌಕಾಬಲವನ್ನು ಮುರಿದು ಊರು ಉಳಿಸಿದವನು ಅವನೇ. ಅಥೆನ್ಸಿನ ಜನ ವರ್ಷಕ್ಕೊಮ್ಮೆ, ಬೇಕೆನಿಸಿದರೆ, ಅತಿಯಾಗಿ ಬೆಳೆದ ಮುಖಂಡನ ಹೆಸರನ್ನು ಬೋಕಿಯ ಮೇಲೆ ಬರೆದು ಹಾಕುತ್ತಿದ್ದರು. ಹೆಚ್ಚು ಬೋಕಿ ಬಿದ್ದವನು ಹತ್ತು ವರ್ಷ ಊರು ಬಿಡಬೇಕು. ಆಸ್ತಿಗೆ ಕೈ ಹಚ್ಚುತ್ತಿರಲಿಲ್ಲ, ಅಪರಾಧ ಹೊರಿಸುತ್ತಲೂ ಇರಲಿಲ್ಲ.

ಬಾವಿಯ ಬೋಕಿಗಳ ಅಕ್ಷರ ನೋಡಿದಾಗ ಬಯಲಾದ ಸಂಗತಿ ಬೇರೆ: ಅಷ್ಟನ್ನೂ ಬರೆದದ್ದು ಸುಮಾರು ಹದಿನಾಲ್ಕು ಕೈಗಳು. ವಿರೋಧಿಗಳು ಮೊದಲೇ ಬರೆದಿಟ್ಟು ಹಂಚಲು ಸಿದ್ಧಮಾಡಿದ್ದರೆಂದು ವಿದ್ವಾಂಸರ ಊಹೆ. ಚುನಾವಣೆಯ ಹಿಂದಿನ ರಾತ್ರಿಯ ಓಡಾಟವನ್ನು ಕಂಡ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ನಮಗೆ ಅಲ್ಲಿಂದ ಬಂದದ್ದು ಪ್ರಜಾಪ್ರಭುತ್ವವೇ? ಹೆಸರು ಬಂತು, ಪದ್ಧತಿ ಬರಲಿಲ್ಲ ಎಂಬುದು ನನ್ನ ವಾದ. ಅಥೆನ್ಸಿನಲ್ಲಿ ಆಡಳಿತ ನಡೆಸಿದ್ದು ಚೀಟಿ. ಐನೂರು ಜನರ ಮಂಡಳಿಗೆ ಹತ್ತು ಕುಲಗಳಿಂದ ತಲಾ ಐವತ್ತು ಜನರನ್ನು ಅದೃಷ್ಟದ ಮೇಲೆ ಆರಿಸುತ್ತಿದ್ದರು. ನ್ಯಾಯಾಲಯಕ್ಕೆ ಜನರನ್ನು ಆರಿಸಿದ ಕಲ್ಲಿನ ಯಂತ್ರದ ತುಂಡೊಂದು ಇಂದಿಗೂ ಅಲ್ಲಿನ ಅಗೋರಾ ಸಂಗ್ರಹಾಲಯದಲ್ಲಿದೆ. ಕಲ್ಲಿನ ಮೈತುಂಬ ಸಾಲುಸಾಲು ಸೀಳುಗಂಡಿ. ಒಂದೊಂದರಲ್ಲೂ ಒಬ್ಬೊಬ್ಬನ ಹೆಸರಿರುವ ಬಿಲ್ಲೆ ಸಿಕ್ಕಿಸಬೇಕು. ಪಕ್ಕದ ಕೊಳವೆಯಲ್ಲಿ ಕಪ್ಪು ಬಿಳಿ ಗುಂಡುಗಳು. ಬಿಳಿ ಉರುಳಿದರೆ ಆ ಸಾಲಿನವರೆಲ್ಲ ಆ ದಿನದ ನ್ಯಾಯಾಧೀಶರು, ಕಪ್ಪಾದರೆ ಮನೆಗೆ. ಯಾರಿಗೆ ಲಂಚ ಕೊಡಬೇಕೆಂಬುದೇ ಬೆಳಗಿನವರೆಗೆ ಗೊತ್ತಿಲ್ಲ!

ಚುನಾವಣೆ ಅವರಲ್ಲಿ ಇರಲಿಲ್ಲವೆಂದಲ್ಲ. ಹತ್ತು ದಂಡನಾಯಕರನ್ನು ಮತ ಹಾಕಿಯೇ ಆರಿಸುತ್ತಿದ್ದರು. ಯುದ್ಧವನ್ನು ಅದೃಷ್ಟಕ್ಕೆ ಬಿಡುವ ಧೈರ್ಯ ಅವರಿಗೂ ಇರಲಿಲ್ಲ. ಚೀಟಿ ಪ್ರಜೆಗಳ ಪದ್ಧತಿ, ಚುನಾವಣೆ ಕೆಲವೇ ಜನರ ಆಳ್ವಿಕೆಯ ಪದ್ಧತಿ ಎಂಬುದು ಅರಿಸ್ಟಾಟಲನ ಕಾಲದ ತಿಳಿವಳಿಕೆ. ಹೆಂಗಸರು, ಗುಲಾಮರು, ಹೊರಗಿನಿಂದ ಬಂದು ನೆಲೆಸಿದವರು ಇದೆಲ್ಲದರ ಹೊರಗಿದ್ದರು ಎಂಬುದನ್ನು ಮುಚ್ಚಿಡುವುದೂ ಬೇಡ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನ ಬರೆದವರು ಅಥೆನ್ಸನ್ನು ಕಂಡು ಹೆದರಿದವರು. ಜನ ನೇರವಾಗಿ ನೆರೆದು ತೀರ್ಮಾನಿಸುವುದು ಅವರಲ್ಲೊಬ್ಬನಾದ ಮ್ಯಾಡಿಸನ್‌ನಿಗೆ ಒಪ್ಪಿಗೆಯಾಗಲಿಲ್ಲ. ಮೇಲ್ಮನೆಗೆ ಇಟ್ಟ ‘ಸೆನೆಟ್’ ಎಂಬ ಹೆಸರು ರೋಮಿನದು. ಚೀಟಿಯನ್ನು ಧೈರ್ಯವಾಗಿ ಮತ್ತೆ ಎತ್ತಿದ್ದು ಐರ್ಲೆಂಡು. ಅಲ್ಲಿ 2016ರಲ್ಲಿ ಸೇರಿದ ನಾಗರಿಕ ಸಭೆಯಲ್ಲಿ ಹೀಗೆ ಆರಿಸಿದ 99 ಜನಸಾಮಾನ್ಯರು ಗರ್ಭಪಾತದ ಕಾನೂನನ್ನು ಚರ್ಚಿಸಿದರು. 2018ರಲ್ಲಿ ಅದು ಜನಮತಕ್ಕೆ ಹೋಗಿ ಸಂವಿಧಾನವೇ ಬದಲಾಯಿತು.

ಗ್ರೀಕರಿಂದ ಕನ್ನಡಕ್ಕೆ ನೇರವಾಗಿ ಬಂದದ್ದು ನಾಟಕ. ಬಿ.ಎಂ. ಶ್ರೀಯವರು ಸೊಫೊಕ್ಲಿಸನ ಅಯಾಸನನ್ನು ‘ಅಶ್ವತ್ಥಾಮನ್’ ಆಗಿಸಿದರು. ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ತಂದರು. ನನಗೆ ಎರಡನೆಯದೇ ದೊಡ್ಡದು. ಸಲಾಮಿಸ್ ಗೆದ್ದ ಎಂಟೇ ವರ್ಷಕ್ಕೆ, ಕ್ರಿ.ಪೂ. 472ರಲ್ಲಿ, ಗೆದ್ದ ಊರಿನ ಜನ ಕೂತು ನೋಡಿದ್ದು ಸೋತ ಶತ್ರುವಿನ ಮನೆಯ ಗೋಳನ್ನು. ಶತ್ರುವಿನ ತಾಯಿಗೂ ಮಾತು ಕೊಟ್ಟ ಆ ರಂಗಸ್ಥಳವನ್ನು ನಾನು ಮತಪೆಟ್ಟಿಗೆಗಿಂತ ಒಂದು ಕೈ ಮೇಲಿಡುತ್ತೇನೆ.

ಆ ನಾಟಕದಲ್ಲಿ ಥೆಮಿಸ್ಟೊಕ್ಲಿಸನ ಹೆಸರೇ ಬರುವುದಿಲ್ಲ. ಅದೇ ಸುಮಾರಿಗೆ ಬೋಕಿಗಳು ಬಿದ್ದು ಅವನು ಊರು ಬಿಟ್ಟ. ಕೊನೆಗೆ ಅವನು ಸತ್ತದ್ದು, ತಾನು ಸೋಲಿಸಿದ ಪರ್ಷಿಯದ ದೊರೆಯ ಮಗನ ಆಶ್ರಯದಲ್ಲಿ.