ಬೀರುವಿನ ಬೀಗ ತೆಗೆಯೋಣ: ಮಕ್ಕಳಿಗೂ ಹದಿಹರೆಯದವರಿಗೂ ಒಂದು ಓದಿನ ಯೋಜನೆ

(ಮಲ್ಲತ್ತಹಳ್ಳಿಯಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



‘ಇಕ್ರಅ್’, ಅಂದರೆ ‘ಓದು’ ಎಂಬ ಮಾತಿನ ಹಿರಿಮೆಯನ್ನು ಇಂತಹ ವೇದಿಕೆಗಳಲ್ಲಿ ನಾವು ಮತ್ತೆ ಮತ್ತೆ ಕೇಳಿದ್ದೇವೆ. ಮಕ್ಕಳು ಓದಬೇಕು ಎಂಬುದರಲ್ಲಿ ಇಲ್ಲಿರುವ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಎಲ್ಲಿ, ಯಾವ ದಿನ, ಯಾವ ಹೊತ್ತಿಗೆ, ಯಾವ ಪುಸ್ತಕ, ಯಾರ ಜೊತೆ ಎಂದು ಕೇಳಿದರೆ ಸಭೆ ಮೌನವಾಗುತ್ತದೆ. ಇಂದು ನಾನು ಈ ಸಣ್ಣ ಪ್ರಶ್ನೆಗಳ ಬಗ್ಗೆ ಮಾತ್ರ ಮಾತನಾಡಲು ಇಚ್ಛಿಸುತ್ತೇನೆ.

ಒಮ್ಮೆ ನಮ್ಮ ಸುತ್ತಮುತ್ತ ನೋಡಿ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ನಮ್ಮ ನೆರೆಯಲ್ಲೇ ಇದೆ. ಡಾ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯ, ಕಲಾಗ್ರಾಮ ಎರಡೂ ಮಲ್ಲತ್ತಹಳ್ಳಿಯಲ್ಲೇ ಇವೆ. ಪಕ್ಕದ ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ, ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಇದೆ. ಇಷ್ಟು ದೊಡ್ಡ ಗ್ರಂಥಾಲಯಗಳ ನಡುವೆ ಬದುಕುವ ಭಾಗ್ಯ ಬೇರೆ ಊರಿನವರಿಗೆ ಸುಲಭವಾಗಿ ಸಿಗುವುದಿಲ್ಲ. ಆದರೆ ಅವೆಲ್ಲ ಕಾಲೇಜು ವಿದ್ಯಾರ್ಥಿಗಳಿಗೆ, ಸಂಶೋಧಕರಿಗೆ ಇರುವಂಥವು. ನಾಲ್ಕನೇ ತರಗತಿಯ ಹುಡುಗಿ ಅಲ್ಲಿಗೆ ಹೋಗಿ ಕಥೆ ಪುಸ್ತಕ ಕೇಳಲಾರಳು. ಆ ಕೊರತೆಯನ್ನು ತುಂಬಬೇಕಾದವರು ನಾವು.

ಇನ್ನೊಂದು ಸಂಗತಿ. ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಅವರು ಇಲ್ಲಿ ಆರಂಭಿಸಿದ ಗ್ರಂಥಾಲಯ ತರಬೇತಿ ಕೇಂದ್ರ ಇಂದು ಮೈಸೂರು ರಸ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿದೆ, ಅಂದರೆ ನಮಗೆ ತೀರ ದೂರವೇನಲ್ಲ. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಹೇಳಿದರು. ಅದರ ಸಾರವನ್ನು ನಮ್ಮ ಆಡುಮಾತಿಗೆ ತಂದರೆ ಇಷ್ಟು: ಪುಸ್ತಕವನ್ನು ಕಾಯುವುದು ಗ್ರಂಥಾಲಯದ ಕೆಲಸವಲ್ಲ, ಓದುವವನ ಕೈಗೆ ಅದನ್ನು ಬೇಗ ಮುಟ್ಟಿಸುವುದೇ ಅದರ ಕೆಲಸ.

ಬೀಗದ ಸಮಸ್ಯೆ

ಎಷ್ಟೋ ಸಂಘಗಳಲ್ಲಿ, ಶಾಲೆಗಳಲ್ಲಿ ಗ್ರಂಥಾಲಯ ಎಂದರೆ ಒಂದು ಗಾಜಿನ ಬೀರು. ದಾನಿಗಳ ಹೆಸರು ಬಾಗಿಲ ಮೇಲೆ, ಬೀಗದ ಕೈ ಕಾರ್ಯದರ್ಶಿಯವರ ಜೇಬಿನಲ್ಲಿ. ಪುಸ್ತಕ ಹರಿಯುತ್ತದೆ, ಕಳೆದುಹೋಗುತ್ತದೆ ಎಂಬ ಭಯ. ಭಯ ಸಹಜವೇ. ಆದರೆ ಹತ್ತು ವರ್ಷ ಹೊಸದಾಗಿಯೇ ಉಳಿದ ಪುಸ್ತಕ ನಷ್ಟವಾದ ಪುಸ್ತಕವೇ. ಆದ್ದರಿಂದ ನನ್ನ ಮೊದಲ ಸಲಹೆ: 200 ಪುಸ್ತಕಗಳಿಂದ ಆರಂಭಿಸುವುದಾದರೆ ವರ್ಷಕ್ಕೆ 20 ಪುಸ್ತಕ ಹೋಗುತ್ತವೆ ಎಂದು ಅಂದಾಜು ಪಟ್ಟಿಯಲ್ಲೇ ಬರೆದುಬಿಡಿ. ಆಮೇಲೆ ಒಂದು ಪುಸ್ತಕ ಹರಿದು ಬಂದರೆ ಮಗುವಿನ ಮೇಲೆ ರೇಗಬೇಕಾಗಿಲ್ಲ. ರೇಗಿದರೆ ಪುಸ್ತಕ ಉಳಿಯಬಹುದು, ಮಗು ಮತ್ತೆ ಬರುವುದಿಲ್ಲ.

ಹದಿಮೂರರ ನಂತರ

ಸಣ್ಣ ಮಕ್ಕಳನ್ನು ಸೇರಿಸುವುದು ಕಷ್ಟವಲ್ಲ. ನಿಜವಾದ ಪರೀಕ್ಷೆ ಇರುವುದು ಏಳನೇ ತರಗತಿಯ ನಂತರ. ಟ್ಯೂಷನ್ ಆರಂಭವಾಗುತ್ತದೆ. ಎಸ್.ಎಸ್.ಎಲ್.ಸಿ. ಹತ್ತಿರವಾಗುತ್ತದೆ. ಕೆಲವು ಹುಡುಗರು ಸಂಜೆ ಗ್ಯಾರೇಜಿಗೋ ಅಂಗಡಿಗೋ ಹೋಗುತ್ತಾರೆ. ಹೆಣ್ಣುಮಕ್ಕಳಿಗೆ ಮನೆಗೆಲಸ ಹೆಚ್ಚುತ್ತದೆ, ಹೊರಗೆ ಹೋಗುವ ಹೊತ್ತು ಕಡಿಮೆಯಾಗುತ್ತದೆ. ಕೈಯಲ್ಲಿ ಮೊಬೈಲ್ ಬರುತ್ತದೆ. ಈ ವಯಸ್ಸಿನಲ್ಲಿ ಪಠ್ಯದಾಚೆಯ ಓದು ನಿಂತುಹೋದರೆ ಮತ್ತೆ ಹಿಡಿಯುವುದು ಬಹಳ ಕಷ್ಟ.

ಇದರ ಜೊತೆಗೆ ಇನ್ನೊಂದು ಮಾತು ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಅನೇಕ ಮನೆಗಳಲ್ಲಿ ಆಡುವುದು ದಖನಿ, ಮದರಸಾದಲ್ಲಿ ಓದುವುದು ಅರಬಿ ಅಕ್ಷರ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಒಂಬತ್ತನೇ ತರಗತಿಗೆ ಬಂದರೂ ಕನ್ನಡವನ್ನು ತಡವರಿಸಿ ಓದುವ ಮಕ್ಕಳಿದ್ದಾರೆ. ಎಲ್ಲರ ಮುಂದೆ ಓದಲು ಅವರಿಗೆ ನಾಚಿಕೆ. ಚಿಕ್ಕವರ ಪುಸ್ತಕ ಹಿಡಿಯಲು ಇನ್ನೂ ನಾಚಿಕೆ.

ಇದಕ್ಕೊಂದು ಸರಳ ಉಪಾಯವಿದೆ. ದೊಡ್ಡ ಮಕ್ಕಳಿಗೆ ಚಿಕ್ಕ ಮಕ್ಕಳಿಗೆ ಓದಿ ಹೇಳುವ ಜವಾಬ್ದಾರಿ ಕೊಡಿ. ಭಾನುವಾರ ಆರು ವರ್ಷದವರಿಗೆ ಕಥೆ ಓದಬೇಕಾದರೆ ಆ ಹುಡುಗ ವಾರವಿಡೀ ಅದೇ ಪುಸ್ತಕವನ್ನು ನಾಲ್ಕು ಸಲ ಓದಿ ತಯಾರಾಗಬೇಕಾಗುತ್ತದೆ. ಸುಲಭದ ಪುಸ್ತಕ ಕೈಯಲ್ಲಿದ್ದರೂ ಅವನು ಅಲ್ಲಿ ಕಲಿಯುವವನಾಗಿ ಕಾಣುವುದಿಲ್ಲ, ಕಲಿಸುವವನಾಗಿ ಕಾಣುತ್ತಾನೆ.

ಮನೆಮಾತು ಬೇರೆ ಎಂಬುದು ಅಡ್ಡಿಯಲ್ಲ ಎಂಬುದಕ್ಕೆ ಹಾಸನದ ಬಾನು ಮುಷ್ತಾಕ್ ಅವರೇ ಸಾಕ್ಷಿ. ಉರ್ದು ವಾತಾವರಣದಿಂದ ಬಂದು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆ ಸೇರಿದಾಗ, ಆರು ತಿಂಗಳಲ್ಲಿ ಓದು ಬರಹ ಕಲಿಯಬೇಕು ಎಂಬ ಷರತ್ತು ಅವರಿಗಿತ್ತು. ಅದೇ ಕನ್ನಡದಲ್ಲಿ ಬರೆದ ಅವರ ಕಥೆಗಳ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು.

ಹನ್ನೆರಡು ವಾರಗಳ ಯೋಜನೆ

ಈಗ ಕಾರ್ಯಕ್ರಮದ ವಿಷಯ. ವರ್ಷಪೂರ್ತಿ ಎಂದು ಘೋಷಿಸಬೇಡಿ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಹನ್ನೆರಡು ವಾರ ಎಂದು ಇಟ್ಟುಕೊಳ್ಳಿ.

ಮೊದಲನೆಯದಾಗಿ, ಹೊತ್ತು. 5ರಿಂದ 8 ವರ್ಷದವರಿಗೆ ಭಾನುವಾರ ಬೆಳಿಗ್ಗೆ ಮುಕ್ಕಾಲು ಗಂಟೆ, 9ರಿಂದ 12 ವರ್ಷದವರಿಗೆ ಅದರ ನಂತರ ಒಂದು ಗಂಟೆ, 13ರಿಂದ 17 ವರ್ಷದವರಿಗೆ ಶನಿವಾರ ಮಧ್ಯಾಹ್ನ. ಕತ್ತಲಾಗುವ ಮೊದಲೇ ಮುಗಿಯಲಿ. ಆಗ ಹೆಣ್ಣುಮಕ್ಕಳನ್ನು ಕಳುಹಿಸಲು ತಾಯಂದಿರು ಹಿಂಜರಿಯುವುದಿಲ್ಲ. ಮಳೆ ಬರಲಿ, ಮದುವೆ ಇರಲಿ, ಹೇಳಿದ ಹೊತ್ತಿಗೆ ಬಾಗಿಲು ತೆರೆದಿರಬೇಕು. ಎರಡು ಸಲ ಮುಚ್ಚಿದ ಬಾಗಿಲು ನೋಡಿದ ಮಗು ಮೂರನೇ ಸಲ ಬರುವುದಿಲ್ಲ.

ಎರಡನೆಯದಾಗಿ, ಪುಸ್ತಕ. ಮನೆಯಲ್ಲಿ ಬೇಡವಾದ ಹಳೆಯ ಗೈಡುಗಳನ್ನು ದಾನವೆಂದು ಸ್ವೀಕರಿಸಬೇಡಿ. ಚಿಕ್ಕವರಿಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಗಟ್ಟಿಯಾಗಿ ಓದಿ, ಕುಣಿದಾರು. ನಡುವಿನವರಿಗೆ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ ಇದೆ, ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಇದೆ. ಇವೆರಡಕ್ಕೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಸಿಕ್ಕಿದೆ. ಹದಿಹರೆಯದವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕೊಟ್ಟು ನೋಡಿ. ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ ಕಥೆಗಳಿವೆ. ಹಂತ ಹಂತವಾಗಿ ಜೋಡಿಸಿರುವ ಇವನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಒಂದೇ ಕಥೆಯನ್ನು ಎರಡೂ ಭಾಷೆಯಲ್ಲಿ ಇಟ್ಟರೆ ತಾಯಿಯೂ ಮಗುವೂ ಒಟ್ಟಿಗೆ ಓದಬಹುದು. ಮುಂದೆ ಕೊಳ್ಳುವ ಪುಸ್ತಕಗಳಲ್ಲಿ ಅರ್ಧವನ್ನು ಮಕ್ಕಳೇ ಆರಿಸಲಿ. ಅವರು ಕ್ರಿಕೆಟ್, ಮೋಟಾರು, ಪತ್ತೇದಾರಿ ಎಂದು ಕೇಳಿದರೆ ಮುಖ ಸಿಂಡರಿಸಬೇಡಿ.

ಮೂರನೆಯದಾಗಿ, ಲೆಕ್ಕ. ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ ಎಂದರೆ ಮಕ್ಕಳು ಹಾಳೆ ತಿರುವಿ ಸಂಖ್ಯೆ ಬರೆಯುತ್ತಾರೆ, ಓದುವುದಿಲ್ಲ. ಅದರ ಬದಲು ಒಂದು ರಿಜಿಸ್ಟರ್ ಸಾಕು: ಹೆಸರು, ಪುಸ್ತಕ, ಒಯ್ದ ದಿನ, ತಂದ ದಿನ, ಅರ್ಧಕ್ಕೆ ಬಿಟ್ಟಿದ್ದರೆ ಅದೂ. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡುವ ಹಕ್ಕು ದೊಡ್ಡವರಿಗಿರುವಂತೆ ಮಕ್ಕಳಿಗೂ ಇರಲಿ. ಹನ್ನೆರಡು ವಾರದ ಕೊನೆಗೆ ಸಮಿತಿ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಎಷ್ಟು ಪುಸ್ತಕಗಳು ಮನೆಗೆ ಹೋದವು? ಯಾವ ಪುಸ್ತಕ ಒಮ್ಮೆಯೂ ಅಲುಗಲಿಲ್ಲ? ಹದಿಮೂರು ದಾಟಿದವರಲ್ಲಿ ಎಷ್ಟು ಜನ ಇನ್ನೂ ಬರುತ್ತಿದ್ದಾರೆ?

ಹಣ ಎಲ್ಲಿಂದ?

ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಲ್ಲೇ ಬಂದಿದೆ. ಅದರಂತೆ ಆಸ್ತಿ ತೆರಿಗೆಯ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನು ನಾವು ಕಟ್ಟುತ್ತಿದ್ದೇವೆ. ಕರ ಕಟ್ಟಿಯೂ ಸರ್ಕಾರಿ ಶಾಖಾ ಗ್ರಂಥಾಲಯದ ಮೆಟ್ಟಿಲು ಹತ್ತದವರು ನಮ್ಮಲ್ಲಿ ಬಹಳ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ನಗರದಲ್ಲಿರುವ ನಾವೂ ಮಕ್ಕಳನ್ನು ಕರೆದುಕೊಂಡು ಹೋಗಿ ಸದಸ್ಯರನ್ನಾಗಿ ಮಾಡಿಸೋಣ, ಮಕ್ಕಳ ವಿಭಾಗ ಬೇಕೆಂದು ಅರ್ಜಿ ಕೊಡೋಣ. ನಮ್ಮ ಕಾರ್ಯಕ್ರಮ ಸರ್ಕಾರಿ ಗ್ರಂಥಾಲಯಕ್ಕೆ ಬದಲಿಯಲ್ಲ, ಅಲ್ಲಿಗೆ ಹೋಗುವ ದಾರಿ.

ಕೊನೆಯದಾಗಿ ಮೈಸೂರಿನ ಸೈಯದ್ ಇಸಾಕ್ ಅವರನ್ನು ನೆನೆಯುತ್ತೇನೆ. ದಿನಗೂಲಿ ಕೆಲಸಗಾರ. ಸ್ವತಃ ಶಾಲೆಯ ಓದು ಸಿಗಲಿಲ್ಲ. ಬೇರೆಯವರಿಗಾದರೂ ಸಿಗಲಿ ಎಂದು 2011ರಿಂದ ರಾಜೀವನಗರದ ಬಳಿ ಜನರಿಗಾಗಿ ಉಚಿತ ಗ್ರಂಥಾಲಯ ನಡೆಸಿದರು. ದಿನಪತ್ರಿಕೆಗಳನ್ನು ತರಿಸಿದರು, ಪುಸ್ತಕ ಕೂಡಿಸಿದರು; ಬಹುಪಾಲು ಕನ್ನಡದವು. 2021ರ ಏಪ್ರಿಲ್ 9ರ ಬೆಳಗಿನ ಜಾವ ಸುಮಾರು 11 ಸಾವಿರ ಪುಸ್ತಕಗಳು ಬೆಂಕಿಗೆ ಆಹುತಿಯಾದವು. ಸುದ್ದಿ ತಿಳಿದು ಜಾತಿ ಮತದ ಭೇದವಿಲ್ಲದೆ ಜನರು ಹಣ, ಪುಸ್ತಕ ನೀಡಲು ಮುಂದೆ ಬಂದರು. ಅವರು ಹತ್ತು ವರ್ಷ ಬಾಗಿಲು ತೆರೆದಿಟ್ಟಿದ್ದನ್ನು ಜನ ಕಂಡಿದ್ದರು.

ಒಬ್ಬ ಕೂಲಿಕಾರ ಮಾಡಿದ್ದನ್ನು ಇಷ್ಟು ಪದವೀಧರರಿರುವ ಸಂಘ ಮಾಡಲಾರದೆ? ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ವಾರಕ್ಕೆ ಒಂದು ಗಂಟೆ ಚಿಕ್ಕವರಿಗೆ ಓದಿ ಹೇಳಲು ಸಿದ್ಧರಿರುವ ಹತ್ತು ಜನ ಇಂದೇ ಹೆಸರು ಬರೆಸಿ. ಹಿರಿಯರೇ, ನಿಮ್ಮನ್ನು ಕೇಳುವುದು ಬೀಗದ ಕೈಯನ್ನು ಮಾತ್ರ.